ಹೇಳುವವರಿಲ್ಲ ಅಂತ ಕೂತ ಹುಡುಗನಿಗೆ

ಪ್ರೀತಿಯ ಪುಟ್ಟಾ,

ಭಾನುವಾರ ಫೋನಿನಲ್ಲಿ ನೀನು ಆಡಿದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ‘ಹೇಳಿದರೆ ಮಾಡ್ತೀನಿ ಅತ್ತೆ, ಯಾರೂ ಏನೂ ಹೇಳೋದೇ ಇಲ್ಲ’ ಅಂದೆ. ಆಗಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನಾನು ನಾಲ್ಕು ಮಾತು ಆಡುವಷ್ಟರಲ್ಲಿ ನೀನು ಹತ್ತು ಸಲ ಹೂಂ ಅಂತೀಯ. ಕಾಗದದ ಮುಂದೆ ಹೂಂಗುಟ್ಟಲು ಆಗಲ್ಲ, ಓದಲೇಬೇಕು. ಅದಕ್ಕೆ ಈ ಕಾಲದಲ್ಲೂ ಡೊಂಬಿವಿಲಿಯಿಂದ ಪುಣೆಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಗಬೇಡ.

ನಿನ್ನ ಕಷ್ಟ ನನಗೆ ಗೊತ್ತಿಲ್ಲ ಅಂತೇನಿಲ್ಲ. ಡಿಪ್ಲೊಮಾ ಮುಗಿಸಿ ಬೆಟಗೇರಿಯಿಂದ ಸೀದಾ ಭೋಸರಿಯ ಕಾರ್ಖಾನೆಗೆ ಬಂದೆ. ಸೂಪರ್‌ವೈಸರ್‌ಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಹಳೇ ಆಪರೇಟರ್‌ಗಳು ಅವರ ಪಾಡಿಗೆ ಅವರು. ನೀನು ಇನ್ಸ್‌ಪೆಕ್ಷನ್ ಟೇಬಲ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತೀಯ. ಕರೆದರೆ ಎದ್ದು ಹೋಗುತ್ತೀಯ, ಕರೆದ ಕೆಲಸ ಚೆನ್ನಾಗೇ ಮಾಡುತ್ತೀಯ. ನಿಮ್ಮಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ. ಹೇಳಿದ್ದು ಅಚ್ಚುಕಟ್ಟಾಗಿ ಆಗುತ್ತಿತ್ತು. ಹೇಳದಿದ್ದರೆ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಹಾಗಾಗಿ ನಿನ್ನನ್ನು ಸೋಮಾರಿ ಅನ್ನಲು ನನಗೆ ಮನಸ್ಸಿಲ್ಲ. ನಿನಗೆ ದುಡಿಯಲು ಬರುತ್ತದೆ, ಶುರು ಮಾಡಲು ಬರಲ್ಲ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕೆಲಸದ ಮಾತು ಬಂದ ಕಡೆಯೆಲ್ಲ ನನ್ನ ಕಣ್ಣಿಗೆ ಬೀಳುವುದು ಈ ಶುರು ಮಾಡುವ ಗುಣವೇ. ಅದನ್ನೇ ಬರೆಯಬೇಕು ಅನ್ನಿಸಿತು.

ಇರುವೆಯ ವಚನ ಸಂಡೇ ಸ್ಕೂಲಿನಲ್ಲೇ ನಿನಗೆ ಬಾಯಿಪಾಠ ಆಗಿದೆ, ಅಲ್ವಾ? ಸೋಮಾರಿಯೇ, ಇರುವೆಯನ್ನು ನೋಡಿ ಕಲಿ ಅನ್ನುವ ಜ್ಞಾನೋಕ್ತಿ 6ನೇ ಅಧ್ಯಾಯ. ಎಲ್ಲರೂ ಅದು ಬೇಸಿಗೆಯಲ್ಲಿ ಕೂಡಿಡುತ್ತದೆ ಅನ್ನುವಲ್ಲಿಗೆ ಹಾರಿ ಉಳಿತಾಯದ ಪಾಠ ಮಾಡುತ್ತಾರೆ. ನಡುವೆ ಒಂದು ಸಾಲು ಇದೆ ನೋಡು. ಇರುವೆಗೆ ನಾಯಕನಿಲ್ಲ, ಮೇಲೆ ನಿಂತು ನೋಡುವವನಿಲ್ಲ, ಅರಸನೂ ಇಲ್ಲ. ಅಂದರೆ ಸೂಪರ್‌ವೈಸರ್ ಇಲ್ಲ. ಇರುವೆಯ ಮಾತು ಇಷ್ಟು ಸಾಕು. ನನಗೆ ಮನುಷ್ಯರ ಕಥೆಯೇ ಜಾಸ್ತಿ ಇಷ್ಟ.

ರೂತಳ ಪುಸ್ತಕ ಇರುವುದು ನಾಲ್ಕೇ ಅಧ್ಯಾಯ. ಕಂಪನಿ ಬಸ್ಸಿನಲ್ಲಿ ಕೂತು ಓದಿ ಮುಗಿಸಬಹುದು. ಮದುವೆಗಳಲ್ಲಿ ಪಾಸ್ಟರುಗಳು ಮೊದಲನೇ ಅಧ್ಯಾಯ ತೆಗೆಯುತ್ತಾರೆ. ಅತ್ತೆ ಸೊಸೆಯ ಪ್ರೀತಿ, ‘ನೀನು ಹೋದಲ್ಲಿಗೆ ನಾನೂ ಬರುವೆ’ ಅನ್ನುವ ಮಾತು. ಅದು ಚೆನ್ನಾಗಿದೆ. ನಾನು ಮತ್ತೆ ಮತ್ತೆ ಓದುವುದು ಎರಡನೇ ಅಧ್ಯಾಯ. ಗುರುತಿಲ್ಲದ ಊರಿಗೆ ಬಂದ ಒಬ್ಬ ಹುಡುಗಿ ಕೆಲಸ ಹುಡುಕಿಕೊಂಡ ಕಥೆ ಅದು.

ಬರಗಾಲಕ್ಕೆ ಊರು ಬಿಟ್ಟಿದ್ದ ನೊವೊಮಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮೋವಾಬಿನಲ್ಲಿ ಕಳಕೊಂಡು ಬೆತ್ಲೆಹೇಮಿಗೆ ಬಂದಳು. ಜೊತೆಗೆ ಮೋವಾಬಿನ ಸೊಸೆ ರೂತಳು. ಇಬ್ಬರೂ ವಿಧವೆಯರು, ಮನೆಯಲ್ಲಿ ಕಾಳಿಲ್ಲ. ತುಂಬಿದವಳಾಗಿ ಹೋದೆ, ದೇವರು ಬರಿಗೈಯಲ್ಲಿ ತಂದ ಅಂತ ನೊವೊಮಿ ಊರವರ ಮುಂದೆ ಅತ್ತಳು. ಅಂಥ ದುಃಖದಲ್ಲಿರುವ ಮುದುಕಿ ಸೊಸೆಗೆ ‘ಇಂಥಲ್ಲಿ ಹೋಗು, ಇಂಥದ್ದು ಮಾಡು’ ಅಂತ ಹೇಳುವುದು ಎಲ್ಲಿಂದ ಬಂತು? ಆಗ ಜವೆಗೋದಿಯ ಸುಗ್ಗಿ ಶುರುವಾಗಿತ್ತು. ರೂತಳು ಅದನ್ನು ನೋಡಿದಳು. ತಾನೇ ಬಾಯಿ ತೆರೆದು, ಹೊಲಕ್ಕೆ ಹೋಗಿ ಹಕ್ಕಲಾಯಲಾ, ಅಂದರೆ ಕೊಯ್ಯುವವರು ಬಿಟ್ಟ ತೆನೆ ಆರಿಸಲಾ ಅಂತ ಕೇಳಿದಳು. ನೊವೊಮಿ ಅಂದದ್ದು ‘ಹೋಗು ಮಗಳೇ’ ಅಂತ, ಅಷ್ಟೇ.

ನೀನು ಹಕ್ಕಲು ಆಯ್ದವನಲ್ಲ. ನಾವು ಆಯ್ದಿದ್ದೇವೆ. ಶೇಂಗಾ ಗಿಡ ಕಿತ್ತಾಗ ಕೆಲವು ಕಾಯಿ ಮಣ್ಣಲ್ಲೇ ಹರಿದು ಉಳಿಯುತ್ತವೆ. ಹೊಲದವರು ಬಣವೆ ಒಟ್ಟಿ ಹೋದ ಮೇಲೆ ನಾವು ಹುಡುಗರು ಇಳಿಯುತ್ತಿದ್ದೆವು. ಕುಡುಗೋಲಿನ ತುದಿಯಿಂದ ಕೆದಕಬೇಕು, ಬೆರಳು ಹಾಕಿ ತಡಕಬೇಕು. ಉಗುರಿನ ಸಂದಿಗೆ ಮಣ್ಣು ಸೇರಿ ರಾತ್ರಿ ಉರಿಯುತ್ತಿತ್ತು. ಒಂದು ಜಾಗದಲ್ಲಿ ಏನೂ ಸಿಗುತ್ತಿರಲಿಲ್ಲ, ಒಂದು ಮಾರು ದೂರದಲ್ಲಿ ಒಂದು ಹಿಡಿ ಸಿಗುತ್ತಿತ್ತು. ಸಂಜೆಗೆ ಉಡಿ ತುಂಬಿದರೆ ಅದೇ ಹಬ್ಬ.

ಇಸ್ರಾಯೇಲಿನಲ್ಲಿ ಇದಕ್ಕೆ ಕಾನೂನೇ ಇತ್ತು. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ ಯಾಜಕಕಾಂಡ 19ನೇ ಅಧ್ಯಾಯದಲ್ಲಿದೆ. ಆ ಕಾನೂನು ತೆನೆಯನ್ನು ಹೊಲದಲ್ಲಿ ಬಿಡಿಸಿತು, ಬಡವರ ಮನೆ ಬಾಗಿಲಿಗೆ ತಂದು ಹಾಕಲಿಲ್ಲ. ಬಗ್ಗಿ ಆಯುವ ಕೆಲಸ ಅವರದೇ. ಹಾಗಂತ ಹೊಲದವನೂ ತಪ್ಪಿಸಿಕೊಳ್ಳುವಂತಿರಲಿಲ್ಲ, ಬಿಡಬೇಕಾದ್ದು ಬಿಡಲೇಬೇಕು. ಮುಂದೆ ನಿನ್ನ ಕೈಕೆಳಗೆ ನಾಲ್ಕು ಹುಡುಗರು ಬಂದಾಗ ಈ ಎರಡನೇ ಮಾತು ನೆನಪಿಗೆ ಬರಲಿ.

ರೂತಳು ಹೊಲಕ್ಕೆ ಸುಮ್ನೆ ನುಗ್ಗಲಿಲ್ಲ. ಕೊಯ್ಯುವವರ ಮೇಲಿದ್ದ ಆಳನ್ನು ಕೇಳಿಕೊಂಡೇ ಇಳಿದಳು. ಆಮೇಲೆ ಹೊಲದ ಯಜಮಾನ ಬೋವಜ ಬಂದ, ಇವಳು ಯಾರು ಅಂತ ವಿಚಾರಿಸಿದ. ಮೇಲಿದ್ದವನು ಕೊಟ್ಟ ವರದಿ ಕೇಳು. ನೊವೊಮಿಯ ಜೊತೆ ಬಂದ ಮೋವಾಬಿನವಳು, ಕೇಳಿಕೊಂಡು ಬಂದಳು, ಬೆಳಿಗ್ಗೆಯಿಂದ ಇಲ್ಲೇ ಇದ್ದಾಳೆ, ಸ್ವಲ್ಪ ಹೊತ್ತು ಮಾತ್ರ ಕೂತು ದಣಿವಾರಿಸಿಕೊಂಡಳು. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಸಂಜೆಯವರೆಗೆ ಆಯ್ದು, ಬಡಿದು, ಕಾಳು ಬೇರೆ ಮಾಡಿದರೆ ಒಂದು ಏಫಾದಷ್ಟು ಆಯಿತು. ಈಗಿನ ಲೆಕ್ಕದಲ್ಲಿ ಸುಮಾರು 22 ಲೀಟರ್, ತೂಕದಲ್ಲಿ ಹದಿಮೂರು ಕಿಲೋ ಹತ್ತಿರ. ಅದನ್ನು ಹೊತ್ತುಕೊಂಡು ಊರಿಗೆ ನಡೆದಳು. ಊಟದಲ್ಲಿ ಮಿಕ್ಕ ಹುರಿಗಾಳನ್ನೂ ಅತ್ತೆಗೆ ಅಂತ ತೆಗೆದಿಟ್ಟಿದ್ದಳು. ಹೀಗೇ ಜವೆಗೋದಿ ಮುಗಿದು ಗೋದಿಯ ಸುಗ್ಗಿ ಮುಗಿಯುವ ತನಕ. ಬೋವಜನ ಜೊತೆ ಮದುವೆ, ದಾವೀದ ಅರಸನಿಗೆ ಮುತ್ತಜ್ಜಿ ಆದದ್ದು, ಅದೆಲ್ಲ ಆಮೇಲಿನ ಮಾತು. ಹೊಲಕ್ಕೆ ಹೊರಟ ಬೆಳಿಗ್ಗೆ ಅವಳ ತಲೆಯಲ್ಲಿದ್ದದ್ದು ರಾತ್ರಿಯ ರೊಟ್ಟಿ.

ನೀನು ಮರಾಠಿ ಬರಲ್ಲ ಅಂತ ನೆಪ ಹೇಳಿದೆ. ಜ್ಞಾನೋಕ್ತಿಯಲ್ಲಿ ಒಬ್ಬ ಸೋಮಾರಿ ಇದ್ದಾನೆ, ಅವನು ಮನೆ ಬಿಟ್ಟು ಹೊರಡದೆ ‘ಬೀದಿಯಲ್ಲಿ ಸಿಂಹ ಇದೆ’ ಅಂತಾನೆ. ನನಗೆ ಪ್ರತಿ ಸಲ ನಗು ಬರುತ್ತದೆ. ನಿನ್ನ ಸಿಂಹ ಮರಾಠಿ. ಹಿಂದಿ ಓದಲು ಬಂದರೆ ಮರಾಠಿಯ ಅಕ್ಷರವೂ ಅದೇ, ಭೋಸರಿಯ ಅಂಗಡಿ ಬೋರ್ಡುಗಳನ್ನು ಓದುತ್ತಾ ಹೋಗು. ನಮ್ಮ ಕಡೆಯ ಅರ್ಧ ಮಾತು ಅವರ ಬಾಯಲ್ಲೂ ಇದೆ. ‘ಹೇ ಕಸಂ ಕರಾಯಚಂ?’, ಅಂದರೆ ಇದನ್ನು ಹೇಗೆ ಮಾಡುವುದು. ಇಷ್ಟು ಕಲಿತು ಪಕ್ಕದ ಮಶಿನ್ನಿನವರನ್ನು ಕೇಳು. ತಪ್ಪು ಮರಾಠಿಗೆ ಅವರು ನಗಬಹುದು. ನಗಲಿ, ನಕ್ಕವರು ಆಮೇಲೆ ಹೇಳಿಕೊಡುತ್ತಾರೆ. ರೂತಳಂತೂ ಆ ಊರಿಗೆ ಪರದೇಶಿ. ಆ ಪುಸ್ತಕ ಅವಳನ್ನು ಕರೆಯುವಾಗೆಲ್ಲ ‘ಮೋವಾಬಿನವಳು’ ಅಂತ ನೆನಪಿಸುತ್ತಲೇ ಇರುತ್ತದೆ.

ಈಗ ನನ್ನ ಕೆಲಸದ ಒಂದು ಮಾತು. ನಾನು ನರ್ಸಿಂಗ್ ಕಲಿಯಲು ಮುಂಬೈಗೆ ಬಂದ ಹೊಸದರಲ್ಲಿ ನಮ್ಮ ಜನರಲ್ ವಾರ್ಡಿನಲ್ಲಿ ಸಾತಾರಾ ಕಡೆಯ ಒಬ್ಬರು ಆಯಾ ಇದ್ದರು. ಓದು ಬರಹ ಇರಲಿಲ್ಲ. ನೈಟ್ ಡ್ಯೂಟಿಗೆ ಬಂದವರು ಮೊದಲು ಏನನ್ನೂ ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಾಗಿಲಿನಿಂದ ಕಿಟಕಿಯವರೆಗೆ ಒಂದು ಸುತ್ತು ಹಾಕುತ್ತಿದ್ದರು. ನನಗೂ ಅದೇ ಕಲಿಸಿದರು. ಯಾವ ಸಲೈನ್ ಬಾಟಲಿ ತಳ ಮುಟ್ಟುತ್ತಿದೆ, ಹನಿ ಸರಿಯಾಗಿ ಬೀಳುತ್ತಿದೆಯಾ, ಸೂಜಿ ಚುಚ್ಚಿದ ಕಡೆ ಕೈ ಊದಿದೆಯಾ. ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿದೆ, ಅದನ್ನು ತಿರುಗಿಸುವ ಚಾವಿ ಅಲ್ಲೇ ಕಟ್ಟಿದೆಯಾ. ಯಾವ ರೋಗಿಯ ಹತ್ತಿರ ಮನೆಯವರು ಯಾರೂ ಇಲ್ಲ. ಯಾರು ಊಟದ ತಟ್ಟೆ ಮುಟ್ಟಿಲ್ಲ. ಇಷ್ಟು ನೋಡಿಕೊಂಡರೆ ರಾತ್ರಿಯ ಅರ್ಧ ಕೆಲಸ ಯಾವುದು ಅಂತ ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು. ಬಾಟಲಿ ಮುಗಿಯುವ ಹೊತ್ತಿಗೆ ಇನ್ನೊಂದು ಬಾಟಲಿ ಮಂಚದ ಪಕ್ಕ ಬಂದಿರುತ್ತಿತ್ತು. ರೋಗಿಯ ಕಡೆಯವರು ‘ಸಿಸ್ಟರ್, ಸಿಸ್ಟರ್’ ಅಂತ ಓಡಿ ಬರುವ ಪ್ರಸಂಗವೇ ಇಲ್ಲ. ನಮ್ಮ ಜೊತೆ ಕಲಿಯುತ್ತಿದ್ದವರಲ್ಲಿ ಕೆಲವರು ಸಿಸ್ಟರ್ ಮೇಜಿನ ಹತ್ತಿರವೇ ನಿಂತಿರುತ್ತಿದ್ದರು, ಕರೆದಾಗ ಓಡಲು ಅನುಕೂಲ ಅಂತ. ಅವರೂ ರಾತ್ರಿಯಿಡೀ ಓಡುತ್ತಿದ್ದರು, ನಮಗಿಂತ ಜಾಸ್ತಿಯೇ. ಪಾಪ, ಪ್ರತಿ ಸಲವೂ ತಡವಾಗಿ.

ನೆಹೆಮೀಯನ ಕಥೆ ಓದುವಾಗ ನನಗೆ ಆ ಆಯಾ ನೆನಪಾಗುತ್ತಾರೆ. ಅವನು ಪರ್ಷಿಯಾದ ಅರಸ ಅರ್ತಷಸ್ತನಿಗೆ ದ್ರಾಕ್ಷಾರಸ ಕೊಡುವ ಸೇವಕ. ಕ್ರಿ.ಪೂ. 445ರ ಸುಮಾರಿನ ಮಾತು. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟಿವೆ ಅಂತ ಸುದ್ದಿ ಬಂತು. ಗೋಡೆ ಕಟ್ಟುವುದು ಅವನ ಕೆಲಸವಲ್ಲ. ಅವನು ಇಂಜಿನಿಯರ್ ಅಲ್ಲ, ಮೇಸ್ತ್ರಿಯೂ ಅಲ್ಲ. ಕೂತು ಅತ್ತ, ಉಪವಾಸ ಮಾಡಿ ಪ್ರಾರ್ಥಿಸಿದ. ನಾಲ್ಕು ತಿಂಗಳ ನಂತರ ಅರಸ ‘ಯಾಕೆ ಮುಖ ಸಣ್ಣಗಾಗಿದೆ, ಏನು ಬೇಕು’ ಅಂತ ಕೇಳಿದ. ಆಗ ಅವನು ತಡಬಡಾಯಿಸಲಿಲ್ಲ. ಎಷ್ಟು ದಿನ ರಜೆ ಬೇಕು, ದಾರಿಯ ಅಧಿಕಾರಿಗಳಿಗೆ ಯಾವ ಪತ್ರ ಬೇಕು, ಮರಕ್ಕೆ ಅರಸನ ಕಾಡಿನ ಯಾವ ಅಧಿಕಾರಿಗೆ ಬರೆಯಬೇಕು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ನಾಲ್ಕು ತಿಂಗಳು ಅವನು ಬರೀ ಅತ್ತುಕೊಂಡು ಕೂತಿರಲಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಯೆರೂಸಲೇಮಿಗೆ ಬಂದವನು ಮೂರು ದಿನ ಯಾರಿಗೂ ಏನೂ ಹೇಳಲಿಲ್ಲ. ರಾತ್ರಿ ಎದ್ದು ಕೆಲವೇ ಜನರನ್ನು ಕರಕೊಂಡು ಗೋಡೆ ಸುತ್ತಿದ. ಒಂದು ಕಡೆ ಕಲ್ಲು ಕುಸಿದು ಅವನು ಕೂತಿದ್ದ ಪ್ರಾಣಿಗೆ ಮುಂದೆ ಹೋಗಲು ಜಾಗವೇ ಇರಲಿಲ್ಲ ಅಂತ ಬರೆದಿಟ್ಟಿದ್ದಾನೆ. ಅಷ್ಟು ಹತ್ತಿರದಿಂದ ನೋಡಿದ. ಆಮೇಲೆ ಊರವರನ್ನು ಸೇರಿಸಿ, ಬನ್ನಿ ಕಟ್ಟೋಣ ಅಂದ. 52 ದಿನದಲ್ಲಿ ಗೋಡೆ ಮುಗಿಯಿತು.

ಆ ಪುಸ್ತಕದ ಮೂರನೇ ಅಧ್ಯಾಯವನ್ನು ಜನ ಬಿಟ್ಟು ಮುಂದೆ ಹೋಗುತ್ತಾರೆ, ಬರೀ ಹೆಸರುಗಳ ಪಟ್ಟಿ ಅಂತ. ನೀನು ಬಿಡಬೇಡ. ಕಾರ್ಖಾನೆಯಲ್ಲಿ ಇರುವವರಿಗೆ ಅದು ಬಹಳ ಚೆನ್ನಾಗಿ ಅರ್ಥ ಆಗುತ್ತದೆ. ಅಕ್ಕಸಾಲಿಗರು ಗೋಡೆ ಕಟ್ಟಿದರು. ಸುಗಂಧ ಮಾಡುವವನೊಬ್ಬ ಕಟ್ಟಿದ. ಶಲ್ಲೂಮ ಅನ್ನುವವನು ತನ್ನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದ. ಹಲವರು ತಮ್ಮ ತಮ್ಮ ಮನೆ ಎದುರಿನ ಭಾಗ ಕಟ್ಟಿದರು. ತೆಕೋವ ಊರಿನ ದೊಡ್ಡ ಮನುಷ್ಯರು ಮಾತ್ರ ಕೆಲಸಕ್ಕೆ ಹೆಗಲು ಕೊಡಲಿಲ್ಲ ಅಂತ ಒಂದು ಸಾಲು ಇದೆ. ಎರಡೂವರೆ ಸಾವಿರ ವರ್ಷ ಆದರೂ ಆ ಸಾಲು ಅಳಿಸಿಲ್ಲ ನೋಡು! ಅದೇ ಊರಿನ ಸಾಮಾನ್ಯ ಜನ ತಮ್ಮ ಭಾಗ ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು. ದೊಡ್ಡವರು ಬರಲಿಲ್ಲ ಅಂತ ಅವರು ಕಾಯುತ್ತಾ ಕೂರಲಿಲ್ಲ.

ಮುಂದಾಗು ಅಂದೆ ಅಂತ ಹೋಗಿ ಸಿಕ್ಕಿದ್ದಕ್ಕೆಲ್ಲ ಕೈ ಹಾಕಬೇಡ. ಓಡುತ್ತಿರುವ ಮಶಿನ್ ಮುಟ್ಟುವುದು, ಸೆಟ್ಟಿಂಗ್ ಬದಲಿಸುವುದು ನಿನ್ನ ಕೆಲಸವಲ್ಲ. ಡಾಕ್ಟರ್ ಬರೆದುಕೊಡದೆ ನಾವು ಇಂಜೆಕ್ಷನ್ ಕೊಡುತ್ತಿರಲಿಲ್ಲ, ರೋಗಿ ಎಷ್ಟೇ ಬೇಡಿಕೊಂಡರೂ. ಕೇಳದೇ ಮುಂದಾದವನು ನೋಡಬೇಕಿದ್ದರೆ ಯೇಸುವಿನ ಶಿಷ್ಯ ಪೇತ್ರ ಇದ್ದಾನೆ. ಗೆತ್ಸೆಮನೆ ತೋಟದಲ್ಲಿ ಯಾರೂ ಹೇಳದೆ ಕತ್ತಿ ಎಳೆದು ಮಹಾಯಾಜಕನ ಆಳು ಮಲ್ಕನ ಬಲಗಿವಿ ಕತ್ತರಿಸಿದ. ಕತ್ತಿಯನ್ನು ಒರೆಗೆ ಹಾಕು ಅಂತ ಯೇಸುವೇ ಹೇಳಬೇಕಾಯಿತು. ಲೂಕನ ಸುವಾರ್ತೆ ಹೇಳುವಂತೆ ಆ ಕಿವಿಯನ್ನು ವಾಸಿ ಮಾಡಿದ್ದೂ ಯೇಸುವೇ. ಪೇತ್ರನದು ಒಳ್ಳೇ ಮನಸ್ಸು, ಧೈರ್ಯವೂ ಇತ್ತು. ನೋಡುವ ತಾಳ್ಮೆ ಆ ಹೊತ್ತಿಗೆ ಇರಲಿಲ್ಲ. ನಿನ್ನ ವಯಸ್ಸಿನವರಲ್ಲಿ ಪೇತ್ರರೂ ಇದ್ದಾರೆ, ಸ್ಟೂಲಿನ ಮೇಲೆ ಕೂರುವವರೂ ಇದ್ದಾರೆ.

ರೆಬೆಕ್ಕಳದು ಇದಕ್ಕೆ ಸರಿಯಾದ ಅಳತೆ ಅಂತ ನನಗೆ ಅನ್ನಿಸುತ್ತದೆ. ಬಾವಿಯ ಹತ್ತಿರ ಅಬ್ರಹಾಮನ ಸೇವಕ ಕೇಳಿದ್ದು ಕುಡಿಯಲು ಸ್ವಲ್ಪ ನೀರು. ಅವಳು ಕೊಟ್ಟಳು, ಆಮೇಲೆ ಹಿಂದೆ ನಿಂತಿದ್ದ ಹತ್ತು ಒಂಟೆಗಳನ್ನು ನೋಡಿ, ಅವಕ್ಕೂ ಸಾಕಾಗುವಷ್ಟು ಸೇದುತ್ತೇನೆ ಅಂದಳು. ಬಾಯಾರಿದ ಒಂದು ಒಂಟೆ ಒಮ್ಮೆಲೇ ನೂರು ಲೀಟರ್ ಹತ್ತಿರ ಕುಡಿಯಬಲ್ಲದು. ಹೆಗಲ ಮೇಲಿನ ಒಂದು ಕೊಡದಿಂದ ಎಷ್ಟು ಸಲ ಇಳಿದು ಹತ್ತಿರಬೇಕು, ನೀನೇ ಲೆಕ್ಕ ಹಾಕು. ಸೂಪರ್‌ವೈಸರ್ ಒಂದು ಪೀಸಿನ ಅಳತೆ ತಾ ಅಂದಾಗ ಈ ಒಂಟೆಗಳ ನೆನಪು ಇರಲಿ.

ಇನ್ನೊಂದು ವಿಷಯ. ಇದನ್ನು ಬರೆಯದಿದ್ದರೆ ಕಾಗದ ಅರ್ಧ ಆದಂತೆ. ‘ಕೆಲಸ ಮಾಡಲು ಮನಸ್ಸಿಲ್ಲದವನು ಊಟ ಮಾಡಬಾರದು’ ಅಂತ ಅಪೊಸ್ತಲ ಪೌಲ ಥೆಸಲೊನೀಕ ಊರಿನ ಸಭೆಯವರಿಗೆ ಬರೆದ. ನಮ್ಮ ಜನ ಈ ಮಾತನ್ನು ಹಿಡಕೊಂಡು ಕೆಲಸ ಇಲ್ಲದ ಯಾರನ್ನು ಕಂಡರೂ ಹೊಡೆಯುತ್ತಾರೆ. ಹೊಟ್ಟೆ ತುಂಬಿದವರ ಬಾಯಲ್ಲೇ ಇದು ಜಾಸ್ತಿ. ಪೌಲ ಬರೆದದ್ದು ಮನಸ್ಸಿಲ್ಲದವರಿಗೆ. ಕೆಲಸ ಸಿಗದವರಿಗೆ ಅಲ್ಲ. ಅವನು ಬರೀ ಹೇಳಿ ಸುಮ್ಮನಿದ್ದವನೂ ಅಲ್ಲ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ದಂಪತಿಯ ಮನೆಯಲ್ಲಿದ್ದು ಅವರ ಜೊತೆ ಡೇರೆ ಹೊಲಿದ. ಅವರೂ ರೋಮಿನಿಂದ ಹೊರದೂಡಿಸಿಕೊಂಡು ಬಂದವರೇ. ನಿಮ್ಮಲ್ಲಿ ಯಾರಿಗೂ ಭಾರವಾಗಬಾರದು ಅಂತ ಹಗಲು ರಾತ್ರಿ ದುಡಿದೆವು ಅಂತ ಬರೆದ ಮೇಲೆಯೇ ಅವನು ಆ ಊಟದ ಮಾತು ಬರೆದದ್ದು. ನಿಮ್ಮ ಮುತ್ತಜ್ಜ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದವರು. ಪೌಲನೂ ನಮ್ಮಂಥವನೇ ಬಿಡು ಅಂತ ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

1982ರ ಜನವರಿ 18ರಂದು ಮುಂಬೈಯಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದಾಗ ನಾನು ಪರೇಲ್ ಕಡೆ ಇದ್ದೆ. ದತ್ತಾ ಸಾಮಂತರು ಮುಂದಾಳು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಆಮೇಲೆ ಎಷ್ಟೋ ಜನರಿಗೆ ಮತ್ತೆ ಗಿರಣಿಯ ಬಾಗಿಲು ತೆರೆಯಲೇ ಇಲ್ಲ. ಅವರೆಲ್ಲ ಪಾಳಿ ತಪ್ಪಿಸದೆ ದುಡಿದವರು, ಕಿವಿ ಕಿವುಡಾಗುವಷ್ಟು ಮಗ್ಗದ ಸದ್ದಿನಲ್ಲಿ. ನಮ್ಮ ಚಾಳಿನಲ್ಲಿ ಅಂಥವರು ತರಕಾರಿ ಗಾಡಿ ಹಾಕಿದರು, ವಾಚ್‌ಮನ್ ಆದರು, ಕೆಲವರು ಊರಿಗೆ ಹೋದರು. ಅವರ ಮುಂದೆ ನಿಂತು ಇರುವೆಯ ವಚನ ಹೇಳುವ ಧೈರ್ಯ ನನಗೆ ಇಲ್ಲ. ಕಷ್ಟಪಟ್ಟವರಿಗೆಲ್ಲ ಫಲ ಸಿಕ್ಕೇ ಸಿಗುತ್ತದೆ ಅಂತ ನಾನು ನಿನಗೆ ಮಾತು ಕೊಡುವುದಿಲ್ಲ. ಸತ್ಯವೇದವೂ ಹಾಗೆ ಕೊಡುವುದಿಲ್ಲ. ಓಟದಲ್ಲಿ ವೇಗಿಯೇ ಗೆಲ್ಲುವುದಿಲ್ಲ ಅಂತ ಪ್ರಸಂಗಿ ಪುಸ್ತಕದಲ್ಲಿ ಇದೆಯಲ್ಲ.

ಬೆಳಿಗ್ಗೆ ಕಲ್ಯಾಣದಲ್ಲೂ ನಿನ್ನ ಪುಣೆಯಲ್ಲೂ ಕೂಲಿ ನಾಕಾಗಳಲ್ಲಿ ಜನ ನಿಂತಿರುತ್ತಾರೆ. ಕಿವಿಗೊಟ್ಟರೆ ಕಲಬುರಗಿ, ವಿಜಯಪುರ, ಯಾದಗಿರಿಯ ಕನ್ನಡ ಕೇಳುತ್ತದೆ. ಮತ್ತಾಯ 20ನೇ ಅಧ್ಯಾಯದ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ, ಇವರದೇ. ದ್ರಾಕ್ಷಿ ತೋಟದ ಯಜಮಾನ ಸಂಜೆ ಐದು ಗಂಟೆಯ ಹೊತ್ತಿಗೆ ಹೋದಾಗಲೂ ಕೆಲವರು ಪೇಟೆಯಲ್ಲಿ ನಿಂತೇ ಇದ್ದರು. ಯಾಕೆ ಸುಮ್ಮನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅಂದರು. ಅವನು ಬೈಯಲಿಲ್ಲ. ಕರಕೊಂಡು ಹೋದ, ಪೂರ್ತಿ ದಿನದ ಕೂಲಿ ಕೊಟ್ಟ. ಈಗ ನೀನು, ನನ್ನನ್ನೂ ಯಾರೂ ಕರೆಯಲಿಲ್ಲವಲ್ಲ ಅತ್ತೆ ಅಂತ ಶುರು ಮಾಡಬೇಡ. ಅವರು ಸಂಜೆಯವರೆಗೆ ಕೆಲಸ ಸಿಗುವ ಜಾಗದಲ್ಲೇ ಕಾಲ ಮೇಲೆ ನಿಂತಿದ್ದರು. ನೀನು ತೋಟದ ಒಳಗೇ ಇದ್ದೀಯ, ಕೂತಿದ್ದೀಯ.

ಗದಗದಿಂದ ನೀನು ಬರುವ ರೈಲು ಸೊಲ್ಲಾಪುರ, ದೌಂಡ್ ದಾಟಿದ ಮೇಲೆ ಕೇಡಗಾಂವ್ ಅನ್ನುವ ಸ್ಟೇಷನ್ ಹಾದುಹೋಗುತ್ತದೆ. ಮುಂದಿನ ಸಲ ಎದ್ದು ಕಿಟಕಿಯಲ್ಲಿ ನೋಡು. ಪಂಡಿತಾ ರಮಾಬಾಯಿ ಮುಕ್ತಿ ಮಿಷನ್ ಕಟ್ಟಿದ ಊರು ಅದು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅನ್ನುತ್ತಿದ್ದ ಕಾಲದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಕಲಿಸಿದರು. 1870ರ ದಶಕದ ಬರದಲ್ಲಿ ಅಲೆದಾಡುತ್ತಲೇ ತಂದೆ, ತಾಯಿ, ಅಕ್ಕ ಎಲ್ಲರೂ ಹೋದರು. ಆಮೇಲೆ ಅಣ್ಣ, ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ. ಚಿಕ್ಕ ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡ್, ಅಮೆರಿಕ ಸುತ್ತಿ ಬಂದು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದನ್ನು ಪುಣೆಗೆ ತಂದರು.

ನನಗೆ ಮುಖ್ಯ ಅನ್ನಿಸುವುದು 1896ರ ಮಾತು. ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿಗೆ ಬರ ಅಂದರೆ ಪತ್ರಿಕೆಯ ಸುದ್ದಿಯಲ್ಲ, ಮೈಮೇಲೆ ಬಂದುಹೋದದ್ದು. ಅಷ್ಟು ಜನರನ್ನು ಸಾಕುವ ಹಣ ಕೈಯಲ್ಲಿ ಇರಲಿಲ್ಲ. ಆದರೂ ತಾವೇ ಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರಕೊಂಡು ಬಂದರು. ಕೇಡಗಾಂವ್‌ನಲ್ಲಿ ಕೊಂಡಿಟ್ಟಿದ್ದ ಜಮೀನಿನಲ್ಲಿ ಅವರಿಗೆ ನೆಲೆ ಆಯಿತು. ಆ ಹುಡುಗಿಯರು ಅಲ್ಲಿ ನೇಯ್ಗೆ ಕಲಿತರು, ಬೇಸಾಯ ಮಾಡಿದರು, ಅಚ್ಚುಮೊಳೆ ಜೋಡಿಸಿ ಛಾಪಖಾನೆ ನಡೆಸಿದರು. ರಮಾಬಾಯಿ ಮಾತ್ರ ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ರಜೆಯ ದಿನ ಸಿಕ್ಕರೆ ಒಮ್ಮೆ ಹೋಗಿ ಬಾ, ಪುಣೆಯಿಂದ ದೂರ ಏನಿಲ್ಲ.

ರಜೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆರು ದಿನ ದುಡಿ ಅಂದ ಆಜ್ಞೆಯೇ ಏಳನೇ ದಿನ ನಿಲ್ಲಿಸು ಅನ್ನುತ್ತದೆ, ನಿನಗೂ ನಿನ್ನ ಆಳಿಗೂ ಎತ್ತಿಗೂ. ಓವರ್‌ಟೈಮ್ ಆಸೆಗೆ ಭಾನುವಾರವೂ ಹೋಗಬೇಡ. ಚರ್ಚಿಗೆ ಹೋಗು, ಬಟ್ಟೆ ಒಗೆ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡು. ಬೇಗ ಎದ್ದು ತಡವಾಗಿ ಮಲಗಿ ಕಷ್ಟದ ಅನ್ನ ಉಣ್ಣುವುದು ವ್ಯರ್ಥ ಅಂತ 127ನೇ ಕೀರ್ತನೆಯಲ್ಲೂ ಇದೆ. ನಿಮ್ಮಪ್ಪನಿಗೆ ಈ ವಚನ ಬಹಳ ಇಷ್ಟ, ಯಾಕೆ ಅಂತ ನಿನಗೆ ಗೊತ್ತು.

ಸೋಮವಾರ ಮಾಡಬೇಕಾದ್ದು ಬರೆಯುತ್ತೇನೆ. ಪಾಳಿ ಶುರುವಾಗುವ ಅರ್ಧ ಗಂಟೆ ಮೊದಲು ಹೋಗು. ಆ ಸ್ಟೂಲನ್ನು ಗೋಡೆಗೆ ಸರಿಸು. ಕೈ ಹಿಂದೆ ಕಟ್ಟಿಕೊಂಡು ನಿನ್ನ ಸೆಕ್ಷನ್ ಪೂರ್ತಿ ಒಂದು ಸುತ್ತು ಹಾಕು. ಯಾವ ಮಶಿನ್ನಿನ ಕೆಳಗೆ ಕೂಲಂಟ್ ಸೋರಿದೆ, ಯಾವುದರ ಪಕ್ಕ ಕಬ್ಬಿಣದ ಚೂರಿನ ಬುರಾದಾ ತುಂಬಿದೆ, ರಿಜೆಕ್ಷನ್ ಡಬ್ಬಿಯಲ್ಲಿ ಯಾವ ಪೀಸ್ ಜಾಸ್ತಿ ಬಿದ್ದಿದೆ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೋ. ನೋಡಿದ್ದರ ಬಗ್ಗೆ ವಾರ ಮುಗಿಯುವವರೆಗೆ ಬಾಯಿ ಬಿಡಬೇಡ. ಪಕ್ಕದ ಆಪರೇಟರ್ ಹೆಸರು ಏನು ಅಂತ ಕೇಳಿದರೆ ನಿನಗೆ ಗೊತ್ತಿರಲಿಲ್ಲ, ನನಗೆ ಬೇಸರ ಆಯಿತು. ಅವರ ಹೆಸರು ಕೇಳು, ಊರು ಕೇಳು, ಚಹಾದ ಹೊತ್ತಿಗೆ ಅವರ ಜೊತೆ ನಿಲ್ಲು. ಅಲ್ಲಿನ ಕೆಲಸದ ಅರ್ಧ ಪಾಠ ಚಹಾದ ಹೊತ್ತಿಗೇ ಸಿಗುತ್ತದೆ. ವಾರದ ಕೊನೆಗೆ ಸೂಪರ್‌ವೈಸರ್ ಹತ್ತಿರ ಒಂದೇ ಒಂದು ವಿಷಯ ತಗೊಂಡು ಹೋಗು. ‘ಸರ್, ಈ ಪೀಸ್ ರಿಜೆಕ್ಟ್ ಆಗುವುದು ಬೆಳಗಿನ ಪಾಳಿಯಲ್ಲೇ ಜಾಸ್ತಿ, ನಾನು ಬರೆದಿಟ್ಟಿದ್ದೇನೆ, ಅಳತೆ ತೆಗೆಯುತ್ತಾ ಹೋಗಲಾ’ ಅಂತ. ಬೇಡ ಅಂದರೆ ಸರಿ ಅಂದು ಬಾ, ನೋಡುವುದು ಮುಂದುವರಿಸು. ಯಾರೂ ಮಾಡದೆ ಬಿಟ್ಟ ಸಣ್ಣ ಕೆಲಸ ಸಿಕ್ಕರೆ, ಕೈಗೆ ಅಪಾಯ ಇಲ್ಲ ಅಂತಾದರೆ, ಕೇಳಿ ಮಾಡು. ಗೇಜ್ ಒರೆಸಿ ಇಡುವುದಾದರೂ ಸರಿ.

ಆ ನೋಟ್‌ಬುಕ್ಕಿನ ಮೊದಲ ನಾಲ್ಕು ಪುಟದ ಫೋಟೋ ನನಗೆ ಕಳಿಸು. ನನಗೆ ಮಶಿನ್ ಅರ್ಥ ಆಗಲ್ಲ, ಆದರೆ ನೋಡಿ ಬರೆದದ್ದು ಯಾವುದು, ಊಹಿಸಿ ಬರೆದದ್ದು ಯಾವುದು ಅಂತ ಗೊತ್ತಾಗುತ್ತದೆ. ಇಷ್ಟು ವರ್ಷ ವಾರ್ಡಿನ ಚಾರ್ಟ್ ಓದಿದವಳು.

ನಿನ್ನ ದೊಡ್ಡಪ್ಪನ ಮಗಳು ಬರುವ ಶನಿವಾರ ಪುಣೆಗೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ ಕಳಿಸುತ್ತಿದ್ದೇನೆ. ರೂಮಿನ ಹುಡುಗರಿಗೂ ಕೊಡು. ಹೋದ ಸಲದ ಸ್ಟೀಲ್ ಡಬ್ಬಿ ಇನ್ನೂ ವಾಪಸ್ ಬಂದಿಲ್ಲ, ಅವಳ ಹತ್ತಿರ ತಪ್ಪದೆ ಕೊಟ್ಟು ಕಳಿಸು.

ಇಂತಿ ನಿನ್ನ ಪ್ರೀತಿಯ,
ಅತ್ತೆ
ಡೊಂಬಿವಿಲಿ